ತೋಳಿಲ್ಲದ ಕಾಟನ್ ಟಾಪ್: ಕಂಕುಳ ಹತ್ತಿರ ಬಾಯಿ ಬಿಡುತ್ತಿದೆ, ಸೈಡ್ ಹಿಡಿದರೆ ಎದೆ ಬಿಗಿ

ಹೊಸ_ಬಾಬಿನ್

ಬೇಸಿಗೆಗೆಂದು ಕ್ಯಾಂಬ್ರಿಕ್ ಕಾಟನ್‌ನಲ್ಲಿ ತೋಳಿಲ್ಲದ ಶಾರ್ಟ್ ಟಾಪ್ ಹೊಲಿದಿದ್ದೇನೆ. ಜಿಪ್ ಇಲ್ಲ, ಗುಂಡಿ ಇಲ್ಲ, ತಲೆ ಮೇಲಿಂದ ಹಾಕುವಂಥದ್ದು. ಲೈನಿಂಗ್ ಕೊಟ್ಟಿಲ್ಲ. ಉದ್ದ 25 ಇಂಚು, ಎರಡೂ ಪಕ್ಕ 5 ಇಂಚಿನ ಸ್ಲಿಟ್. ಕುತ್ತಿಗೆಗೂ ಕಂಕುಳಿಗೂ ಕ್ರಾಸ್ ಪಟ್ಟಿ (ಓರೆಯಾಗಿ ಕತ್ತರಿಸಿದ ಬಟ್ಟೆ ಪಟ್ಟಿ) ಒಳಗೆ ಮಡಚಿ ಹೊಲಿದಿದೆ.

ಮೈ ಅಳತೆ: ಎದೆ 36, ಸೊಂಟ 31, ಹಿಪ್ 39, ಭುಜ 14½.

ಕತ್ತರಿಸಿದ ಲೆಕ್ಕ: ಎದೆಯ ಕಾಲು ಭಾಗ 9, ಲೂಸ್ (ಸಡಿಲಕ್ಕೆ) ¾, ಮಾರ್ಜಿನ್ (ಹೊಲಿಗೆಗೆ ಬಿಡುವ ಬಟ್ಟೆ) 1, ಒಟ್ಟು 10¾. ಭುಜ 7¼. ಕುತ್ತಿಗೆ ಅಗಲ 3¼, ಮುಂದೆ ಆಳ 6½, ಹಿಂದೆ 5. ಆರ್ಮ್‌ಹೋಲ್ (ಕಂಕುಳ ಸುತ್ತಿನ ತೆರವು) ಇಳಿತ 8½. ಮುಂಭಾಗ, ಹಿಂಭಾಗ ಎರಡನ್ನೂ ಒಟ್ಟಿಗೇ ಇಟ್ಟು ಕತ್ತರಿಸಿದ್ದು, ಕುತ್ತಿಗೆ ಮಾತ್ರ ಬೇರೆ. ಟಕ್ಸ್ (ಎದೆಯ ಉಬ್ಬಿಗೆ ಹೊಂದಲು ಹೊಲಿಯುವ ಮೊನೆಯಾದ ಮಡಿಕೆ) ಹಾಕಿಲ್ಲ.

ತೊಂದರೆ ಏನೆಂದರೆ, ಮುಂದುಗಡೆ ಕಂಕುಳ ಅಂಚು ಮೈಗೆ ಕೂರುವುದಿಲ್ಲ, ಪಕ್ಕದಿಂದ ನೋಡಿದರೆ ಒಳಗಿನದ್ದೆಲ್ಲ ಕಾಣುತ್ತೆ. ಎರಡೂ ಸೈಡ್ ಅರ್ಧರ್ಧ ಇಂಚು ಒಳಗೆ ಹಿಡಿದೆ. ಬಾಯಿ ಬಿಡುವುದು ಹಾಗೇ ಇದೆ, ಮೇಲಾಗಿ ಎದೆ ಬಿಗಿಯಾಗಿ ಅಲ್ಲಿಂದ ಕಂಕುಳ ಕಡೆಗೆ ಓರೆ ಸುಕ್ಕು ಬಂದಿದೆ. ಬಗ್ಗಿದರೆ ಕುತ್ತಿಗೆ ಜೋತು ಬೀಳುತ್ತೆ. ಕೈ ಎತ್ತಿದರೆ ಇಡೀ ಟಾಪ್ ಮೇಲೆ ಬರುತ್ತೆ. ಕಂಕುಳು ಇನ್ನೂ ಸ್ವಲ್ಪ ಇಳಿಸು ಅಂತ ಒಬ್ಬರು ಹೇಳಿದ್ದಾರೆ. ಇಳಿಸಲಾ? ಇದನ್ನೇ ಸರಿ ಮಾಡಲು ಬರುತ್ತಾ? ಮುಂದಿನದಕ್ಕೆ 44 ಇಂಚು ಪನ್ನದ (ಅಗಲದ) ಮಲ್‌ಮಲ್ (ತೆಳು ಕಾಟನ್) ಒಂದೂವರೆ ಮೀಟರ್ ತಂದಿಟ್ಟಿದ್ದೇನೆ. ಅದೂ ಹಾಳಾಗೋದು ಬೇಡ.

---

ಕತ್ತರಿ_ಮತ್ತು_ಚಾಕ್

ಇಳಿಸಬೇಡಿ. 8½ ಈಗಲೇ ಜಾಸ್ತಿ. ತೋಳಿಲ್ಲದ ಟಾಪಿಗೆ ಎದೆ 36ಕ್ಕೆ ಮೇಲಿನ ಗೆರೆಯಿಂದ 7½ ಸಾಕು. ತೋಳಿದ್ದರೆ 8. ತೋಳಿಲ್ಲದ್ದಕ್ಕೆ ಅರ್ಧ ಇಂಚು ಮೇಲೇ ಇರಬೇಕು, ಏಕೆಂದರೆ ಮುಚ್ಚಲು ಅಲ್ಲಿ ತೋಳಿನ ಬಟ್ಟೆ ಇರುವುದಿಲ್ಲ.

ಸೈಡ್ ಹಿಡಿದರೂ ಬಾಯಿ ಬಿಡುವುದು ಯಾಕೆ ನಿಲ್ಲಲಿಲ್ಲ ಅಂದರೆ, ಹೆಚ್ಚಿರುವ ಬಟ್ಟೆ ಸೈಡಿನಲ್ಲಿ ಇಲ್ಲವೇ ಇಲ್ಲ. ಬಟ್ಟೆ ಚಪ್ಪಟೆ, ಎದೆ ಉಬ್ಬು. ಉಬ್ಬಿನ ಮೇಲೆ ಹಾದು ಬಂದ ಬಟ್ಟೆಯಲ್ಲಿ ಮಿಕ್ಕಿದ್ದು ಎಲ್ಲಿ ಹಿಡಿತ ಇಲ್ಲವೋ ಅಲ್ಲಿಗೆ ಹೋಗಿ ನಿಲ್ಲುತ್ತೆ. ತೋಳು ಇದ್ದಿದ್ದರೆ ಕಂಕುಳಲ್ಲಿ ಮಡಿಕೆಯಾಗಿ ಅಡಗುತ್ತಿತ್ತು, ಇಲ್ಲಿ ಅಂಚು ಬಿಡುವಾಗಿರೋದರಿಂದ ಎದ್ದು ನಿಂತಿದೆ. ಅದನ್ನು ಹೀರಿಕೊಳ್ಳುವ ಕೆಲಸ ಟಕ್ಸ್‌ದು. ನೀವು ಟಕ್ಸ್ ಹಾಕದೆ, ಸೈಡಿನಲ್ಲಿ, ಅಂದರೆ ಎದೆಯ ಅತಿ ಅಗಲದ ಜಾಗದಲ್ಲಿ ಬಟ್ಟೆ ಕಿತ್ತುಕೊಂಡಿರಿ. 39 ಇದ್ದದ್ದು 37 ಆಯ್ತು. ಜಿಪ್ ಇಲ್ಲದ, ಹಿಗ್ಗದ ಬಟ್ಟೆಗೆ ಒಂದೇ ಇಂಚು ಲೂಸ್ ಸಾಲದು, ಕನಿಷ್ಠ 3 ಬೇಕು. ಓರೆ ಸುಕ್ಕು ಬಂದದ್ದು ಅದಕ್ಕೇ.

ಕೈ ಎತ್ತಿದಾಗ ಟಾಪ್ ಏಳುವುದಕ್ಕೆ ಕಾರಣ ಎರಡು. ಭುಜ ಪೂರಾ 7¼ ಇಟ್ಟಿದ್ದೀರಿ. ಅಂದರೆ ಅಂಚು ಸರಿಯಾಗಿ ಭುಜದ ಮೂಳೆಯ ತುದಿಗೆ ಬಂದು ಕೂತಿದೆ, ಕೈ ಜೊತೆ ಅದೂ ಏಳುತ್ತೆ. ತೋಳಿಲ್ಲದ್ದಕ್ಕೆ ಭುಜ ½ ರಿಂದ ¾ ಇಂಚು ಒಳಗೆ ತರಬೇಕು. ಇನ್ನೊಂದು, ಎದೆ ಬಿಗಿ ಇರುವುದರಿಂದ ಎದ್ದದ್ದು ತಾನಾಗಿ ಇಳಿಯುವುದಿಲ್ಲ.

ಮೊದಲು ಹೊಸ ಸೈಡ್ ಹೊಲಿಗೆ ಬಿಚ್ಚಿ, ಹಳೇ ಅಳತೆಗೇ ತನ್ನಿ. ಆಮೇಲೆ ಟಾಪ್ ಹಾಕಿಕೊಂಡು, ಕೈ ಸಡಿಲ ಬಿಟ್ಟು ನಿಂತು, ಮುಂದಿನ ಕಂಕುಳ ಅಂಚಿನಲ್ಲಿ ಎದ್ದಿರುವುದನ್ನು ಟಕ್ಸ್ ಪಾಯಿಂಟ್ (ಎದೆಯ ಉಬ್ಬಿನ ತುದಿ) ಕಡೆಗೆ ಮುಖ ಮಾಡಿ ಗುಂಡುಸೂಜಿಯಿಂದ ಹಿಡಿಯಿರಿ. ಇನ್ನೊಬ್ಬರು ಹಿಡಿದರೆ ಒಳ್ಳೆಯದು. ನೀವೇ ಕೈ ಎತ್ತಿ ಹಿಡಿದರೆ ಅಳತೆ ತಪ್ಪುತ್ತೆ. ಎಷ್ಟು ಬಂತು ಹೇಳಿ. ಜೊತೆಗೆ ಭುಜದ ಕುತ್ತಿಗೆ ತುದಿಯಿಂದ ಟಕ್ಸ್ ಪಾಯಿಂಟಿಗೆ ಎಷ್ಟು, ಎರಡು ಪಾಯಿಂಟ್ ನಡುವೆ ಎಷ್ಟು, ಅದೂ ಬೇಕು.

---

ದಾರದುಂಡೆ

ಕುತ್ತಿಗೆ ವಿಷಯ ಮಾತ್ರ ನಾನು ಹೇಳ್ತೀನಿ. 3¼ ಅಗಲ, ಮುಂದೆ 6½, ಹಿಂದೆ 5, ಮೂರೂ ಒಟ್ಟಿಗೆ ಆಗಿಬರಲ್ಲ. ಮುಂದೆ ಆಳ ಬೇಕಾದರೆ ಹಿಂದೆ 3ಕ್ಕೆ ನಿಲ್ಲಿಸಿ. ಹಿಂದೆ ಆಳ ಬೇಕಾದರೆ ಮುಂದೆ 5 ದಾಟಬೇಡಿ, ಅಗಲ 2¾ ಇಡಿ. ಎರಡೂ ಕಡೆ ಆಳ ಇಟ್ಟರೆ ಭುಜ ಹಿಡಿದುಕೊಳ್ಳುವುದಕ್ಕೆ ಬಟ್ಟೆಯೇ ಇರಲ್ಲ. ಬ್ಲೌಸಿಗೆ ಹಾಗೆ ನಡೆಯುತ್ತೆ, ಅದು ಬಿಗಿಯಾಗಿ ಮೈಗೆ ಕಚ್ಚಿರುತ್ತೆ, ಹಿಂದೆ ಬೇಕಾದರೆ ಲಾಡಿ ಕಟ್ಟಬಹುದು. ಸಡಿಲ ಟಾಪಿಗೆ ಆ ಲೆಕ್ಕ ಹಾಕಿದರೆ ಭುಜ ಜಾರುತ್ತೆ.

ಇನ್ನೊಂದು ಕಾರಣ ಇದೆ, ಎಷ್ಟೋ ಜನ ಗಮನಿಸಲ್ಲ. ಕತ್ತರಿಸಿದ ಮೇಲೆ ಕುತ್ತಿಗೆಯ ತಿರುವು ಹಾಸೂ (ಉದ್ದ ಎಳೆ) ಅಲ್ಲ ಹೊಕ್ಕೂ (ಅಡ್ಡ ಎಳೆ) ಅಲ್ಲ, ಓರೆ ಎಳೆ. ಎತ್ತಿ ಇಳಿಸುವುದರಲ್ಲೇ ಕಾಲಿಂಚು ಅರ್ಧ ಇಂಚು ಹಿಗ್ಗಿರುತ್ತೆ. ಅದಕ್ಕೇ ಕತ್ತರಿಸಿದ ತಕ್ಷಣ, ಬೇರೆ ಏನೂ ಮಾಡುವ ಮೊದಲು, ಅಂಚಿನಿಂದ ⅛ ಇಂಚು ಒಳಗೆ ಒಂದೇ ಪದರದ ಮೇಲೆ ಒಂದು ಸುತ್ತು ಹೊಲಿಗೆ ಓಡಿಸಿ. ಎರಡೂ ಭುಜದಿಂದ ಶುರು ಮಾಡಿ ನಡುವೆ ತಂದು ನಿಲ್ಲಿಸಬೇಕು. ಒಂದು ಭುಜದಿಂದ ಇನ್ನೊಂದಕ್ಕೆ ಒಂದೇ ಓಟದಲ್ಲಿ ಹೋದರೆ ಒಂದು ಪಕ್ಕ ಎಳೆದುಕೊಳ್ಳುತ್ತೆ.

ಕ್ರಾಸ್ ಪಟ್ಟಿಯನ್ನು ಕುತ್ತಿಗೆಯಷ್ಟೇ ಉದ್ದ ಇಟ್ಟು ಹೊಲಿದರೆ ಸಾಲದು. ಕುತ್ತಿಗೆ ಸುತ್ತು 24 ಇದ್ದರೆ ಪಟ್ಟಿ ಜೋಡಣೆ ಬಿಟ್ಟು 23 ಇರಲಿ. ಆ ಒಂದಿಂಚನ್ನು ಮುಂದಿನ ಬಗ್ಗಿದ ಭಾಗದಲ್ಲಿ ಮಾತ್ರ ಎಳೆದು ಸರಿದೂಗಿಸಿ, ಹಿಂದೆ ಎಳೆಯಬೇಡಿ. ಪಟ್ಟಿ ಒಳಕ್ಕೆ ತಿರುಗಿದಾಗ ಅಂಚು ತಾನೇ ಮೈ ಕಡೆ ಬಾಗುತ್ತೆ. ಆದರೆ ಎರಡು ಇಂಚು ಎಳೆದರೆ ಸುತ್ತಲೂ ಸುರುಟಿ ನಿರಿಗೆ ಬೀಳುತ್ತೆ, ಇಸ್ತ್ರಿಗೂ ಹೋಗಲ್ಲ.

---

ಹೊಸ_ಬಾಬಿನ್

ಬಿಚ್ಚಿ ಮತ್ತೆ ಹಾಕಿ ನೋಡಿದೆ. ಕಂಕುಳಲ್ಲಿ ಹಿಡಿದದ್ದು ಎರಡೂ ಪಕ್ಕ ಮುಕ್ಕಾಲು ಇಂಚು. ಕುತ್ತಿಗೆ ತುದಿಯಿಂದ ಟಕ್ಸ್ ಪಾಯಿಂಟ್ 10, ನಡುವೆ 7½. ಕುತ್ತಿಗೆಯಲ್ಲೂ ಸ್ವಲ್ಪ ಎದ್ದಿದೆ, ಹಿಡಿದರೆ ಕಾಲು ಇಂಚಿನಷ್ಟು. ಪಟ್ಟಿ ಬಿಚ್ಚಲೇಬೇಕಾ?

---

ಕತ್ತರಿ_ಮತ್ತು_ಚಾಕ್

ಬಿಚ್ಚಲೇಬೇಕು. ಕಂಕುಳ ಪಟ್ಟಿ ಪೂರ್ತಿ, ಕುತ್ತಿಗೆ ಪಟ್ಟಿ ಭುಜದ ಎರಡೂ ಬದಿ ಎರಡೆರಡು ಇಂಚು. ಬ್ಲೇಡಿನಿಂದ ಹೊಲಿಗೆ ಬಿಚ್ಚುವಾಗ ಕ್ಯಾಂಬ್ರಿಕ್ ಎಳೆ ತುಂಡಾಗುತ್ತೆ. ಸೀಮ್ ರಿಪ್ಪರ್ ಇಲ್ಲದಿದ್ದರೆ ನಾಲ್ಕು ಹೊಲಿಗೆಗೊಂದು ದಾರ ಕತ್ತರಿಸಿ ಕೆಳಗಿನ ದಾರ ಎಳೆದುಬಿಡಿ.

ಮೊದಲು ಭುಜ, ಆಮೇಲೆ ಟಕ್ಸ್. ಉಲ್ಟಾ ಮಾಡಬೇಡಿ. ಭುಜ ಎತ್ತಿದರೆ ಕಂಕುಳಲ್ಲಿ ಎದ್ದಿರುವುದು ಕಡಿಮೆಯಾಗುತ್ತೆ. ಟಕ್ಸ್ ಮೊದಲೇ ಹೊಲಿದಿದ್ದರೆ ಅದು ಜಾಸ್ತಿಯಾಗಿಬಿಡುತ್ತೆ.

ಭುಜದ ಹೊಲಿಗೆ ಬಿಚ್ಚಿ, ಅರ್ಧ ಇಂಚು ಕೆಳಗೆ ಹೊಸ ಹೊಲಿಗೆ ಹಾಕಿ. ಹಿಂದೂ ಮುಂದೂ ಎರಡೂ ಅರ್ಧರ್ಧ ಇಂಚು ಮೇಲೆ ಬರುತ್ತವೆ. ಆರ್ಮ್‌ಹೋಲ್ 8 ಆಯ್ತು, ಕುತ್ತಿಗೆ ಮುಂದೆ 6, ಹಿಂದೆ 4½. ಹೊಲಿಯುವಾಗ ಕುತ್ತಿಗೆ ತುದಿಯಲ್ಲಿ ಮಾತ್ರ ಮುಂಭಾಗದ ಬಟ್ಟೆಯನ್ನು ಹಿಂಭಾಗಕ್ಕಿಂತ ಕಾಲು ಇಂಚು ಮೇಲೆ ಚಾಚಿಟ್ಟು, ಭುಜದ ತುದಿಗೆ ಬರುವಷ್ಟರಲ್ಲಿ ಎರಡನ್ನೂ ಸಮ ಮಾಡಿ. ಹೀಗೆ ಮುಂದಿನ ಕುತ್ತಿಗೆಯ ಕಾಲು ಇಂಚು ಅಲ್ಲೇ ಮುಗಿಯುತ್ತೆ, ಹಿಂದಿನ ಕುತ್ತಿಗೆಗೆ ಏನೂ ಆಗುವುದಿಲ್ಲ. ಮಿಕ್ಕ ಬಟ್ಟೆ ಅರ್ಧ ಇಂಚು ಬಿಟ್ಟು ಕತ್ತರಿಸಿ. ಉದ್ದ ಅರ್ಧ ಇಂಚು ಕಮ್ಮಿಯಾಗುತ್ತೆ, ಅದು ತಪ್ಪಿದ್ದಲ್ಲ.

ಈಗ ಭುಜದ ತುದಿಯಲ್ಲಿ ಅರ್ಧ ಇಂಚು ಒಳಗೆ ಚಾಕ್‌ನಲ್ಲಿ ಗುರುತು ಮಾಡಿ, ಅಲ್ಲಿಂದ ಆರ್ಮ್‌ಹೋಲ್ ಅರ್ಧಕ್ಕೆ ಬರುವಷ್ಟರಲ್ಲಿ ಹಳೇ ಗೆರೆಗೆ ಸೇರುವಂತೆ ತಿರುವು ಎಳೆದು ಕತ್ತರಿಸಿ. ಅಡಿಯಲ್ಲಿ ಕತ್ತರಿ ಮುಟ್ಟಿಸಬೇಡಿ.

ಮತ್ತೆ ಹಾಕಿಕೊಂಡು ಎಷ್ಟು ಎದ್ದಿದೆ ನೋಡಿ. ಮುಕ್ಕಾಲು ಇದ್ದದ್ದು ಅರ್ಧ ಇಂಚಿನ ಆಸುಪಾಸಿಗೆ ಬಂದಿರಬೇಕು. ಅದನ್ನು ಕಂಕುಳ ಅಂಚಿನಿಂದಲೇ ಟಕ್ಸ್ ಆಗಿ ಹೊಲಿಯಿರಿ: ಅಂಚಿನಲ್ಲಿ ಅರ್ಧ ಇಂಚು ಅಗಲ, ಅಂದರೆ ಮಡಚಿದಾಗ ಕಾಲು ಇಂಚು, ಟಕ್ಸ್ ಪಾಯಿಂಟ್ ಇನ್ನೂ ಒಂದಿಂಚು ದೂರ ಇರುವಾಗಲೇ ಸೊನ್ನೆ. ಪಾಯಿಂಟಿನವರೆಗೂ ಎಳೆದರೆ ತುದಿ ಮೊನೆಯಾಗಿ ಎದ್ದು ಕಾಣುತ್ತೆ. ಕೊನೆಯ ಮೂರು ನಾಲ್ಕು ಹೊಲಿಗೆ ಮಡಿಕೆಯ ಅಂಚಿನ ಮೇಲೇ ಓಡಿ ಹೊರಗೆ ಹೋಗಲಿ. ಅಲ್ಲಿ ರಿವರ್ಸ್ ಹೊಡೆಯಬೇಡಿ, ದಾರ ಎರಡಿಂಚು ಬಿಟ್ಟು ಕೈಯಲ್ಲಿ ಗಂಟು ಹಾಕಿ. ರಿವರ್ಸ್ ಹೊಡೆದರೆ ತುದಿಯಲ್ಲಿ ಒಂದು ಗುಳಿ ಬರುತ್ತೆ. ಟಕ್ಸ್ ಕೆಳಕ್ಕೆ ಮಡಚಿ ಇಸ್ತ್ರಿ ಮಾಡಿ, ಚಪ್ಪಟೆ ಹಲಗೆಯ ಮೇಲೆ ಬೇಡ, ಸುತ್ತಿದ ಟವೆಲ್ ಮೇಲಿಟ್ಟು ಮಾಡಿ.

ಸೈಡ್ ಟಕ್ಸ್ (ಸೈಡ್ ಹೊಲಿಗೆಯಿಂದ ಶುರುವಾಗುವ ಟಕ್ಸ್) ಇದಕ್ಕೆ ಯಾಕೆ ಬೇಡ ಅಂದರೆ, ಹೊಲಿದು ಮುಗಿದ ಟಾಪಿನಲ್ಲಿ ಹಾಕಿದರೆ ಮುಂಭಾಗದ ಸೈಡ್ ಉದ್ದ ಟಕ್ಸ್ ಅಗಲದಷ್ಟೂ ಗಿಡ್ಡವಾಗುತ್ತೆ. ಸ್ಲಿಟ್ ಹೊಂದುವುದಿಲ್ಲ, ಅಂಚೂ ಹೊಂದುವುದಿಲ್ಲ, ಎಲ್ಲ ಬಿಚ್ಚಬೇಕಾಗುತ್ತೆ. ಹೊಸದರಲ್ಲಿ ಮಾತ್ರ ಸೈಡ್ ಟಕ್ಸ್.

ಕಂಕುಳ ಸುತ್ತು ಬದಲಾಗಿರುತ್ತೆ, ಪಟ್ಟಿ ಹೊಸದಾಗಿ ಅಳೆದು ಹಾಕಿ. ಹಳೇ ಪಟ್ಟಿಯೇ ಸಾಕು, ಉದ್ದ ಉಳಿಯುತ್ತೆ.

---

ಹಾಸು_ಹೊಕ್ಕು

ಮಲ್‌ಮಲ್‌ನ ಕತಿ ನಾ ಹೇಳ್ತೇನಿ.

ಮೊದಲ ರಾತ್ರಿಯಿಡೀ ನೀರಾಗ ನೆನೆ ಹಾಕ್ರಿ. ಬಣ್ಣದ್ದಿದ್ರ ಬ್ಯಾರೆ ಬಕೀಟು. ಕಾಟನ್ ನೂರಕ್ಕ ಮೂರರಿಂದ ಐದು ಸೇರತೈತಿ, ಒಂದೂವರೆ ಮೀಟರ್ ಅಂದ್ರ 59 ಇಂಚು, ಅದರಾಗ 56 ಉಳೀತು ಅಂತ ಹಿಡೀರಿ. ಹಿಂಡಬ್ಯಾಡ್ರಿ, ನೆರಳಾಗ ಹಂಗ ಹರವ್ರಿ. ಅರ್ಧ ಒಣಗಿದ ಮ್ಯಾಲ ತೆಳ್ಳಗ ಅನ್ನದ ಗಂಜಿ ಕೊಟ್ಟು, ಇನ್ನಾ ಹಸಿ ಇದ್ದಾಗ ಇಸ್ತ್ರಿ ಹೊಡೀರಿ. ಗಂಜಿ ಇಲ್ಲದ ಮಲ್‌ಮಲ್ ಕತ್ತರಿ ಬಾಯಾಗ ಜಾರತೈತಿ, ಎರಡು ಪದರು ಎರಡು ಆಕಾರ ಆಗ್ತಾವ. ಹೊಲದಾದ ಮ್ಯಾಲ ಒಗದ್ರ ಗಂಜಿ ಹೋಗತೈತಿ.

ನೆಲದ ಮ್ಯಾಲ ಕಾಟನ್ ಚಾದರ ಹಾಸಿ ಅದರ ಮ್ಯಾಲ ಬಟ್ಟಿ ಇಡ್ರಿ, ಗಚ್ಚಿನ ಮ್ಯಾಲ ಬ್ಯಾಡ. ಹೊಕ್ಕಿನ ಒಂದು ಎಳಿ ಎಳದು ತಗದು, ಆ ಗೆರಿ ಮ್ಯಾಲ ಕತ್ತರಿಸಿ ತುದಿ ನೆಟ್ಟಗ ಮಾಡ್ಕೋರಿ. ಅಂಗಡ್ಯಾಗ ಹರದು ಕೊಟ್ಟದ್ದು ನೆಟ್ಟಗ ಅದ ಅಂತ ನಂಬಬ್ಯಾಡ್ರಿ. ಸೊಟ್ಟ ಇಟ್ಟು ಕತ್ತರಿಸಿದ್ರ ಎರಡು ಸಲ ಒಗದ ಮ್ಯಾಲ ಸೈಡ್ ಹೊಲಿಗಿ ಹೊಟ್ಟಿ ಮ್ಯಾಲ ಬಂದು ಕೂಡತೈತಿ.

ಮುಂದ ಹಿಂದ ಎರಡೂ ಅಡ್ಡಕ್ಕ ಜೋಡಿಸಿ ಕತ್ತರಿಸಾಕ ಬರೂದಿಲ್ಲ. ಹಿಪ್ 39, ಲೂಸ್ 2, ಕಾಲು ಭಾಗ 10¼, ಮಾರ್ಜಿನ್ ಸೇರಿ 11¼. ನಾಕು ಪಟ್ಟು 45 ಆತು, ಪನ್ನ 44. ಉದ್ದಕ್ಕ ಒಂದರ ಕೆಳಗ ಒಂದು ಇಡ್ರಿ. 25 ಉದ್ದ, ಭುಜಕ್ಕ ½, ಕೆಳಗ ಮಡಚಾಕ 1, ಒಟ್ಟು 26½. ಎರಡಕ್ಕ 53. ಬಗಲಾಗ ಉಳಿಯೂ ಬಟ್ಟ್ಯಾಗ ಕ್ರಾಸ್ ಪಟ್ಟಿ ಎಲ್ಲಾ ಆಗತಾವ.

11 ನಂಬರ್ ಸೂಜಿ ಹಾಕ್ರಿ. 14 ಹಾಕಿದ್ರ ತೂತು ಕಾಣ್ತಾವ. ಇಂಚಿಗೆ 12 ಹೊಲಿಗಿ. ಶುರು ಮಾಡೂ ಮುಂದ ಎರಡೂ ದಾರ ಹಿಂದಕ್ಕ ಹಿಡಕೋರಿ, ಇಲ್ಲಂದ್ರ ಬಟ್ಟಿ ಮಷೀನಿನ ಹಲ್ಲಿನ ಸಂದ್ಯಾಗ ಹೋಗಿ ಸಿಗತೈತಿ. ಆದ್ರೂ ಸಿಕ್ರ ಅಡಿಗೆ ನ್ಯೂಸ್ ಪೇಪರ್ ತುಣುಕು ಇಟ್ಟು ಹೊಲೀರಿ, ಆಮ್ಯಾಲ ಹರದು ತಗೀರಿ.

---

ಕತ್ತರಿ_ಮತ್ತು_ಚಾಕ್

ಮೇಲಿನವರ ಲೆಕ್ಕ ಸರಿ, ಒಂದು ಸೇರಿಸಬೇಕು. ಮುಂಭಾಗದಲ್ಲಿ ಸೈಡ್ ಟಕ್ಸ್ ಬರುವುದರಿಂದ ಮುಂದಿನದಕ್ಕೆ ಇನ್ನೊಂದು ಇಂಚು ಉದ್ದ ಬೇಕು, 27½. ಒಟ್ಟು 54. 56ರಲ್ಲಿ ಆಗುತ್ತೆ.

ಮಲ್‌ಮಲ್‌ಗೆ ನೇರ ಕತ್ತರಿ ಹಾಕಬೇಡಿ. ಪೇಪರ್ ಕಟಿಂಗ್ ಮಾಡಿಕೊಳ್ಳಿ, ಎರಡು ನ್ಯೂಸ್ ಪೇಪರ್ ಅಂಟಿಸಿದರೆ ಸಾಕು. ಅಳತೆ: ಎದೆ 9¾, ಮಾರ್ಜಿನ್ 1. ಸೊಂಟ 9, ಮಾರ್ಜಿನ್ 1. ಸೊಂಟದಲ್ಲಿ 31ಕ್ಕೆ 36 ಇಟ್ಟಂತಾಯಿತು, ಬೇಸಿಗೆಗೆ ಗಾಳಿ ಆಡಬೇಕಲ್ಲ, ಅದಕ್ಕಿಂತ ಹಿಡಿದರೆ ಹಾಕುವಾಗ ಎದೆಯ ಬಳಿ ಸಿಕ್ಕಿಕೊಳ್ಳುತ್ತೆ. ಭುಜ 6¾, ಇಳಿಜಾರು ¾. ಕುತ್ತಿಗೆ ಅಗಲ 3, ಮುಂದೆ 6, ಹಿಂದೆ 3. ಆರ್ಮ್‌ಹೋಲ್ 7½. ಮುಂದಿನ ತಿರುವು ಹಿಂದಿನದಕ್ಕಿಂತ ಅರ್ಧ ಇಂಚು ಒಳಗೆ. ಇದನ್ನು ನೀವು ಬಿಟ್ಟಿದ್ದಿರಿ, ಎರಡನ್ನೂ ಒಟ್ಟಿಗೆ ಕತ್ತರಿಸಿದ್ದರಿಂದ.

ಟಕ್ಸ್ ಪಾಯಿಂಟ್ ಮುಂಭಾಗದ ನಡುಗೆರೆಯಿಂದ 3¾, ಮೇಲಿನಿಂದ 10. ಈಗ ಪೇಪರ್ ಮೇಲೆ ಆರ್ಮ್‌ಹೋಲ್ ಅರ್ಧದಿಂದ ಈ ಪಾಯಿಂಟಿಗೊಂದು ಗೆರೆ, ಕಂಕುಳಿಂದ 3 ಇಂಚು ಕೆಳಗೆ ಸೈಡಿನಿಂದ ಪಾಯಿಂಟಿಗೆ ಇನ್ನೊಂದು ಗೆರೆ. ಎರಡನ್ನೂ ಕತ್ತರಿಸಿ, ಪಾಯಿಂಟಿನಲ್ಲಿ ನೂಲೆಳೆಯಷ್ಟು ಹಿಡಿದುಕೊಂಡಿರಲಿ. ಆರ್ಮ್‌ಹೋಲ್ ಕಡೆ ಮುಕ್ಕಾಲು ಇಂಚು ಒಂದರ ಮೇಲೊಂದು ತಂದು ಮುಚ್ಚಿ ಅಂಟಿಸಿ. ಸೈಡ್ ಕಡೆ ತಾನಾಗಿ ತೆರೆಯುತ್ತೆ. ಎಷ್ಟು ತೆರೆಯಿತೋ ಅದೇ ನಿಮ್ಮ ಸೈಡ್ ಟಕ್ಸ್. ಆರ್ಮ್‌ಹೋಲ್‌ನಿಂದ ಪಾಯಿಂಟ್ ಸುಮಾರು 6 ಇಂಚು, ಸೈಡಿನಿಂದಲೂ 6, ಹಾಗಾಗಿ ಮುಕ್ಕಾಲು ಇಂಚಿನ ಆಸುಪಾಸೇ ಇರುತ್ತೆ, ಒಂದಿಂಚು ದಾಟುವುದಿಲ್ಲ. ಮೇಲೆ ಒಂದಿಂಚು ಜಾಸ್ತಿ ಉದ್ದ ಕೇಳಿದ್ದು ಇದಕ್ಕೇ. ಟಕ್ಸ್ ಹೊಲಿದ ಮೇಲೆ ಮುಂದೆ ಹಿಂದೆ ಸೈಡ್ ಉದ್ದ ಸಮ ಬರಬೇಕು, ಜೋಡಿಸುವ ಮೊದಲು ಟೇಪು ಹಿಡಿದು ನೋಡಿ.

ಮುಚ್ಚಿದ ಜಾಗದಲ್ಲಿ ಆರ್ಮ್‌ಹೋಲ್ ತಿರುವು ಮೂಲೆ ಬಿದ್ದಿರುತ್ತೆ, ಕೈಯಲ್ಲೇ ನಯ ಮಾಡಿ ಎಳೆಯಿರಿ.

ಈ ಪೇಪರಿನಿಂದ ಮೊದಲು ಹಳೇ ಪಂಚೆ ಇದ್ದರೆ ಅದನ್ನು ಕತ್ತರಿಸಿ, ಭುಜ, ಸೈಡ್, ಟಕ್ಸ್ ಕಚ್ಚಾ ಹೊಲಿಗೆ ಹಾಕಿ ಹಾಕಿಕೊಂಡು ನೋಡಿ. ಒಂದೇ ಒಂದು ಎಚ್ಚರ: ಪಂಚೆಯ ಪಟ್ಟಿಯಂಚನ್ನು ಸೇರಿಸಿಕೊಳ್ಳಬೇಡಿ, ಅದು ಬಿಗಿಯಾಗಿ ನೆಯ್ದಿರುತ್ತೆ, ಬೀಳುವ ರೀತಿಯೇ ಬೇರೆ.

---

ದಾರದುಂಡೆ

ಮಲ್‌ಮಲ್‌ಗೆ ಕಂಕುಳಲ್ಲೂ ಕ್ರಾಸ್ ಪಟ್ಟಿಯೇ ಹಾಕಿ, ಬಟ್ಟೆಯ ಅಗಲವಾದ ಫೇಸಿಂಗ್ (ಅಂಚಿಗೆ ಒಳಗಿನಿಂದ ಕೊಡುವ ಬಟ್ಟೆ) ಕೊಡಬೇಡಿ. ತೆಳು ಬಟ್ಟೆಯಲ್ಲಿ ಫೇಸಿಂಗ್‌ನ ಅಂಚು ಹೊರಗೆ ನೆರಳಾಗಿ ಕಾಣುತ್ತೆ, ಬೆವರಿದಾಗ ಮಡಚಿಕೊಂಡು ಕಂಕುಳಿಗೆ ಉಜ್ಜುತ್ತೆ. ಪಟ್ಟಿ 1¼ ಇಂಚು ಅಗಲ, 45 ಡಿಗ್ರಿ ಓರೆ. ಕಾಲು ಇಂಚು ಹೊಲಿಗೆ, ತಿರುವಿನಲ್ಲಿ ಅರ್ಧ ಇಂಚಿಗೊಂದು ಕಟ್ ಕೊಟ್ಟು, ಒಳಕ್ಕೆ ತಿರುಗಿಸಿ ಅಂಚು ಹೊಡೆಯಿರಿ. ಕಟ್ ಹೊಲಿಗೆಯನ್ನು ಮುಟ್ಟಬಾರದು, ಒಂದೆಳೆ ಹಿಂದೆ ನಿಲ್ಲಲಿ.

---

ಹೊಸ_ಬಾಬಿನ್

ಸೈಡ್ ಹೊಲಿಗೆಗೆ ಓವರ್‌ಲಾಕ್ ಹತ್ತಿರ ಎಲ್ಲೂ ಇಲ್ಲ. ಒಳಗೆ ಎಳೆ ಬಿಚ್ಚದ ಹಾಗೆ ಏನು ಮಾಡಲಿ?

---

ಹಾಸು_ಹೊಕ್ಕು

ಫ್ರೆಂಚ್ ಸೀಮ್ ಹಾಕ್ರಿ, ಮಲ್‌ಮಲ್‌ಗೆ ಅದ ಛಂದ. ಒಳಮೈ ಒಳಗ ಮಾಡಿ, ಅಂದ್ರ ಚಲೋ ಮೈ ಹೊರಗ ಬರೂಹಂಗ ಜೋಡಿಸಿ, ಅಂಚಿನಿಂದ ಕಾಲು ಇಂಚಿಗೆ ಮೊದಲ ಹೊಲಿಗಿ. ಅಂಚನ್ನ ⅛ಕ್ಕ ಸವರ್ರಿ. ತಿರುವಿ ಇಸ್ತ್ರಿ ಹೊಡದು, ಒಳಗಿನಿಂದ ⅜ಕ್ಕ ಎರಡನೇ ಹೊಲಿಗಿ. ಎರಡೂ ಸೇರಿ ⅝ ಹೋಗತೈತಿ, ಇಂಚು ಮಾರ್ಜಿನ್ ಇಟ್ಟದ್ದರಾಗ ⅜ ಮೊದಲ ಕತ್ತರಿಸಿ ತಗದುಬಿಡ್ರಿ, ಇಲ್ಲಂದ್ರ ಟಾಪ್ ಒಟ್ಟು ಒಂದೂವರೆ ಇಂಚು ದೊಡ್ಡದಾಗತೈತಿ. ಇದು ಹಾಕಿದ ಮ್ಯಾಲ ಬಿಚ್ಚಿ ಲೂಸ್ ಕೊಡಾಕ ಬಟ್ಟಿ ಉಳಿಯೂದಿಲ್ಲ. ಅದಕ್ಕ ಪಂಚೆ ಟ್ರಯಲ್ ಬಿಡಬ್ಯಾಡ್ರಿ.

ಸ್ಲಿಟ್ ಸುರು ಆಗೂ ಜಾಗದಿಂದ ಒಂದು ಇಂಚು ಮ್ಯಾಲ ಫ್ರೆಂಚ್ ಸೀಮ್ ನಿಲ್ಲಿಸ್ರಿ. ಅಲ್ಲಿ ಅಡ್ಡ ಒಂದು ಕಟ್ ಕೊಟ್ಟು, ಕೆಳಗಿನ ಒಂದು ಇಂಚನ್ನ ಸಾದಾ ಹೊಲಿಗಿ ಹೊಲದು, ಮಾರ್ಜಿನ್ ಬಿಡಿಸಿ ಸ್ಲಿಟ್‌ನ ಮಡಿಕಿ ಜೋಡಿ ಸೇರಿಸಿ ಮಡಚ್ರಿ. ಕಟ್ ಕೊಟ್ಟಲ್ಲೆ ಕೈ ಸೂಜಿಲೆ ನಾಕು ಟಾಕಿ ಹಾಕ್ರಿ, ಅಲ್ಲೇ ಮೊದಲ ಹರಿಯೂದು.

---

ಕತ್ತರಿ_ಮತ್ತು_ಚಾಕ್

ಕೆಳಗಿನ ಅಂಚು ಅವತ್ತೇ ಮಡಚಬೇಡಿ. ಸೈಡ್ ಕಡೆ ಬಟ್ಟೆ ಓರೆಯಾಗಿ ಅಗಲವಾಗಿದೆ, ಮಲ್‌ಮಲ್ ಅಲ್ಲಿ ಇಳಿಯುತ್ತೆ. ಒಂದು ರಾತ್ರಿ ಹ್ಯಾಂಗರ್‌ಗೆ ತೂಗುಹಾಕಿ, ಬೆಳಿಗ್ಗೆ ಹಾಕಿಕೊಂಡು ನಿಂತಾಗ ನೆಲದಿಂದ ಸ್ಕೇಲ್ ಇಟ್ಟು ಸುತ್ತಲೂ ಸಮ ಗುರುತು ಮಾಡಿಸಿ. ಮುಂದೆ ನಡುವೆ ಏರಿದಂತೆ ಕಂಡರೆ ಸೈಡನ್ನು ಕತ್ತರಿಸಿ ಸಮ ಮಾಡಿ. ಮೊದಲು ಕಾಲು ಇಂಚು, ಆಮೇಲೆ ಮುಕ್ಕಾಲು ಇಂಚು ಮಡಚಿ ಹೊಲಿಯಿರಿ.